ಊರಲ್ಲೇ ಉಳಿದವರ ಪಾಲು

ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ಮೇ 31ರಂದು ನಡೆಯುವಷ್ಟು ಬೀಳ್ಕೊಡುಗೆ ಸಮಾರಂಭಗಳು ವರ್ಷದ ಬೇರೆ ಯಾವ ದಿನವೂ ನಡೆಯಲಿಕ್ಕಿಲ್ಲ. ಈಗ ನಿವೃತ್ತಿಯ ಅಂಚಿನಲ್ಲಿರುವ ತಲೆಮಾರಿನ ಎಷ್ಟೋ ಮಂದಿ ದಾಖಲೆಯ ಪ್ರಕಾರ ಜೂನ್ 1ರಂದು ಹುಟ್ಟಿದವರು. ಶಾಲೆಗೆ ಸೇರಿಸಲು ಬಂದ ಅಪ್ಪನಿಗೆ ಮಗು ಹುಟ್ಟಿದ್ದು ಯುಗಾದಿ ಕಳೆದ ಮೇಲೋ ಸುಗ್ಗಿಯ ಹೊತ್ತಿಗೋ ಎಂಬುದಷ್ಟೇ ನೆನಪು. ಉಳಿದದ್ದನ್ನು ಹೆಡ್‌ಮಾಸ್ಟರು ತುಂಬಿಸಿಕೊಂಡರು. ಆ ತಾರೀಖು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಬಂತು, ಅಲ್ಲಿಂದ ಸೇವಾ ಪುಸ್ತಕಕ್ಕೆ ಹೋಯಿತು. ತಿಂಗಳ ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬುದು ನಿಯಮ. ಹೀಗಾಗಿ ಮೇ ಕೊನೆಗೆ ಊರೆಲ್ಲ ಹಾರ, ಶಾಲು, ಗ್ರೂಪ್ ಫೋಟೊ.

ಹುಟ್ಟಿದ ದಿನವನ್ನೇ ಇನ್ನೊಬ್ಬರು ಬರೆದುಕೊಟ್ಟ ಮನುಷ್ಯನ ಬಗ್ಗೆ ಆ ಸಮಾರಂಭದಲ್ಲಿ ತಪ್ಪದೆ ಬರುವ ಮಾತು: “ಇವರು ಸ್ವಂತ ಪರಿಶ್ರಮದಿಂದ ಮೇಲೆ ಬಂದವರು.” ಹೇಳುವವರಿಗೂ ಕೇಳುವವರಿಗೂ ಅದರಲ್ಲಿ ಅನುಮಾನವಿಲ್ಲ. ಪರಿಶ್ರಮ ಇತ್ತೆಂಬುದನ್ನು ನಾನೂ ಒಪ್ಪುತ್ತೇನೆ. ನನ್ನ ತಕರಾರು ‘ಸ್ವಂತ’ದ ಬಗ್ಗೆ. ಹೈಸ್ಕೂಲು ಬಿಟ್ಟಾಗಿನಿಂದ ಇಲ್ಲಿಯವರೆಗಿನ ಬದುಕನ್ನು ತಿರುಗಿ ನೋಡುವಾಗ ನಾವು ಒಬ್ಬೊಬ್ಬರ ಲೆಕ್ಕ ಹಾಕುತ್ತೇವೆ: ಎಷ್ಟು ಓದಿದೆ, ಎಲ್ಲಿ ಸೇರಿದೆ, ಎಷ್ಟಕ್ಕೆ ಮುಟ್ಟಿದೆ. ಅದು ಮನೆಯ ಲೆಕ್ಕ. ಒಬ್ಬರದಾಗಿ ಹಾಕಿದರೆ ತಾಳೆಯಾಗುವುದಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಹೈಸ್ಕೂಲಿನ ಹಳೆ ವಿದ್ಯಾರ್ಥಿಗಳು ಊರೂರಲ್ಲೂ ಗುರುವಂದನೆ ಮಾಡುತ್ತಿದ್ದಾರೆ. ವಯಸ್ಸಾದ ಮೇಷ್ಟ್ರುಗಳಿಗೆ ಮೈಸೂರು ಪೇಟ, ಹಣ್ಣಿನ ಬುಟ್ಟಿ. ಊಟಕ್ಕೆ ಮುಂಚೆ ಮೈಕು ಕುರ್ಚಿಯಿಂದ ಕುರ್ಚಿಗೆ ಹೋಗುತ್ತದೆ. ಬೆಂಗಳೂರಿನಿಂದ ಬಂದವರು ಹುದ್ದೆ ಹೇಳುತ್ತಾರೆ, ಮಕ್ಕಳು ಇರುವ ದೇಶ ಹೇಳುತ್ತಾರೆ. ಹೆಂಗಸರು “ನಮ್ಮನೆಯವರು ಕೆಇಬೀಲಿದ್ರು, ಈಗ ರಿಟೈರ್ಡು” ಎಂದು ಗಂಡನ ಕೆಲಸ ಹೇಳಿ ಮೈಕು ದಾಟಿಸುತ್ತಾರೆ. ಅವರು ಗಣಿತದಲ್ಲಿ ಕ್ಲಾಸಿಗೇ ಮೊದಲಿದ್ದದ್ದು ಪಕ್ಕದಲ್ಲಿ ಕೂತವಳಿಗೆ ಮಾತ್ರ ನೆನಪು. ಮತ್ತೆ ಒಂದಷ್ಟು ಗಂಡಸರು, ಎದ್ದು ನಿಲ್ಲುವುದಕ್ಕೂ ಹಿಂಜರಿಯುತ್ತ, ಒಂದೇ ಮಾತಿನಲ್ಲಿ ಮುಗಿಸುತ್ತಾರೆ: “ನಂದೇನಿಲ್ಲ, ಊರಲ್ಲೇ ಇದೀನಿ.” ತಪ್ಪೊಪ್ಪಿಗೆಯ ದನಿ ಅದು. (ಡುಮ್ಕಿ ಹೊಡೆದು ಅಕ್ಟೋಬರಿಗೆ ಕಟ್ಟಿ, ಅದರಲ್ಲೂ ಹೋದವರು ಸಾಮಾನ್ಯವಾಗಿ ಬರುವುದೇ ಇಲ್ಲ. ಅವರ ನಂಬರು ಗ್ರೂಪಿನಲ್ಲಿ ಇರುವುದಿಲ್ಲ.)

ಊರಲ್ಲೇ ಇರುವುದು ‘ಏನಿಲ್ಲ’ ಹೇಗಾಯಿತು? ತುಮಕೂರು ಕಡೆಯ ಒಂದು ಮನೆಯನ್ನು ನಾನು ಹತ್ತಿರದಿಂದ ಬಲ್ಲೆ. ಅಪ್ಪ ಗೇಣಿಗೆ ಉಳುತ್ತಿದ್ದವರು. 1974ರ ಭೂಸುಧಾರಣೆ ಬಂದಾಗ ನಮೂನೆ 7 ಹಾಕಿ ಜಮೀನು ತಮ್ಮ ಹೆಸರಿಗೆ ಮಾಡಿಸಿಕೊಂಡರು. ಧಣಿಯ ಮೇಲಿನ ದಾಕ್ಷಿಣ್ಯಕ್ಕೋ ಭಯಕ್ಕೋ ಅರ್ಜಿ ಹಾಕದೆ ಕೂತ ಪಕ್ಕದ ಮನೆಯವರ ಮಕ್ಕಳು ಹೈಸ್ಕೂಲು ನೋಡಲಿಲ್ಲ. ಈ ಮನೆಯ ಮಕ್ಕಳು ನೋಡಿದರು. ದೊಡ್ಡವನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಉಳಿದ. ಅಕ್ಟೋಬರ್ ಪರೀಕ್ಷೆ ಕಡಲೆಕಾಯಿ ಕೀಳುವ ಹೊತ್ತಿಗೇ ಬಂತು, ಅವನು ಕಟ್ಟಲಿಲ್ಲ. ಎರಡನೆಯವಳು ಪಾಸಾದಳು, ಆದರೆ ಜೂನಿಯರ್ ಕಾಲೇಜು ಇದ್ದದ್ದು ತಾಲ್ಲೂಕು ಕೇಂದ್ರದಲ್ಲಿ, ಸಂಜೆಯ ಬಸ್ಸು ಊರು ತಲುಪುವಾಗ ಕತ್ತಲಾಗುತ್ತಿತ್ತು. ಮೂರನೆಯವನು ಫಸ್ಟ್ ಕ್ಲಾಸು, ಬಿಸಿಎಂ ಹಾಸ್ಟೆಲು, ಡಿಪ್ಲೊಮಾ, ಬೆಂಗಳೂರು. ಅವನ ಫೀಸಿಗೆ ಸೊಸೈಟಿಯಲ್ಲಿ ಸಾಲ ಎತ್ತಿದವನು ಅಣ್ಣ. ಅಮ್ಮ ಹಾಸಿಗೆ ಹಿಡಿದ ವರ್ಷಗಳಲ್ಲಿ ತಮ್ಮ ಪ್ರತಿ ತಿಂಗಳೂ ದುಡ್ಡು ಕಳಿಸಿದ, ನಿಜ. ಅಮ್ಮನನ್ನು ಎತ್ತಿ ಬಚ್ಚಲಿಗೆ ಕರೆದೊಯ್ದವಳು ಅತ್ತಿಗೆ.

ತಮ್ಮನದು ‘ಸ್ವಂತ ಪರಿಶ್ರಮ’ವೇ? ಈ ಪ್ರಶ್ನೆ ಹೊಸದೇನಲ್ಲ. ಒಂಬೈನೂರು ವರ್ಷಗಳ ಹಿಂದೆ, ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಕೂತು ಮಿತಾಕ್ಷರ ಬರೆದ ವಿಜ್ಞಾನೇಶ್ವರ ಇದನ್ನೇ ಬಿಡಿಸಲು ನೋಡಿದ. ವಿದ್ಯೆಯಿಂದ ಗಳಿಸಿದ್ದು ಗಳಿಸಿದವನದೇ, ಅಣ್ಣತಮ್ಮಂದಿರಿಗೆ ಪಾಲಿಲ್ಲ ಎಂಬುದು ಯಾಜ್ಞವಲ್ಕ್ಯ ಸ್ಮೃತಿಯ ಮಾತು. ವಿಜ್ಞಾನೇಶ್ವರ ಅದಕ್ಕೊಂದು ಷರತ್ತು ಬಿಗಿದ: ಆ ಗಳಿಕೆ ಪಿತೃದ್ರವ್ಯಕ್ಕೆ ಕುಂದಾಗದಂತೆ ಬಂದಿರಬೇಕು. ಮನೆಯ ಗಂಟು ಕರಗಿಸಿ ಕಲಿತಿದ್ದರೆ ಮಾತು ಬೇರೆ. ಬ್ರಿಟಿಷರ ಕಾಲದ ಕೋರ್ಟುಗಳು ಇದೇ ಎಳೆಯನ್ನು ಹಿಡಿದು ಎಳೆದವು. 1921ರಲ್ಲಿ ಗೋಕಲ್ ಚಂದ್ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್, ಕುಟುಂಬದ ಖರ್ಚಿನಲ್ಲಿ ಓದಿ ಐಸಿಎಸ್ ಸೇರಿದವನ ಗಳಿಕೆ ಕುಟುಂಬದ್ದೇ ಎಂದಿತು. ಓದಿದ ವರ್ಗ ದಂಗಾಯಿತು. 1930ರಲ್ಲಿ ಹಿಂದೂ ಗೇನ್ಸ್ ಆಫ್ ಲರ್ನಿಂಗ್ ಆಕ್ಟ್ ಬಂತು. ಯಾರ ದುಡ್ಡಿನಲ್ಲಿ ಕಲಿತರೂ ವಿದ್ಯೆಯ ಗಳಿಕೆ ಕಲಿತವನದೇ ಎಂದು ಆ ಪುಟ್ಟ ಕಾಯ್ದೆ ಸಾರಿತು. ಇವತ್ತಿಗೂ ಅದೇ ನಡೆಯುತ್ತಿದೆ. ಅಂದರೆ ಅಣ್ಣ ಗೇಯ್ದ ಹೊಲದಲ್ಲಿ ತಮ್ಮನಿಗೆ ಪಾಲುಂಟು. ತಮ್ಮನ ಪೆನ್ಷನ್ನಿನಲ್ಲಿ, ಬೆಂಗಳೂರಿನ ಸೈಟಿನಲ್ಲಿ ಅಣ್ಣನಿಗೆ ಇಲ್ಲ.

ಆ ಕಾಯ್ದೆ ತಪ್ಪೆಂದು ನಾನು ಹೇಳುತ್ತಿಲ್ಲ. ಅದು ಬರದಿದ್ದರೆ ಒಬ್ಬ ಓದಿದವನ ಸಂಬಳಕ್ಕೆ ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳೆಲ್ಲ ಕೋರ್ಟಿನ ಮೆಟ್ಟಿಲು ಹತ್ತುತ್ತಿದ್ದರು. ಒಟ್ಟು ಕುಟುಂಬದ ಯಜಮಾನಿಕೆಯಿಂದ ಬಿಡಿಸಿಕೊಂಡು ತನ್ನ ಹೆಂಡತಿ ಮಕ್ಕಳ ಜೊತೆ ಬದುಕುವ ಸ್ವಾತಂತ್ರ್ಯವೂ ದೊಡ್ಡದೇ. ಯಾರ ತ್ಯಾಗಕ್ಕೆ ಎಷ್ಟು ರೂಪಾಯಿ ಎಂದು ಅಳೆಯುತ್ತ ಕೂರಲು ನ್ಯಾಯಾಲಯಕ್ಕೆ ಆಗದು; ಅದಕ್ಕೆ ಎಲ್ಲೋ ಒಂದು ಗೆರೆ ಎಳೆಯಲೇಬೇಕು. ತೊಂದರೆ ಬಂದದ್ದು ನಾವು ಆ ಗೆರೆಯನ್ನು ನೆನಪಿಗೂ ಎಳೆದುಕೊಂಡದ್ದರಿಂದ. ಕಾಯ್ದೆ ಹೇಳಿದ್ದು ಗಳಿಕೆ ಯಾರ ಹೆಸರಲ್ಲಿರಬೇಕೆಂದು ಮಾತ್ರ. ಅದು ಯಾರಿಂದ ಸಾಧ್ಯವಾಯಿತೆಂಬುದು ಅದರ ವಿಷಯವೇ ಅಲ್ಲ. ನಾವು ಮಾತ್ರ ಹೆಸರಿದ್ದವನೇ ಕಾರಣ ಎಂದುಕೊಂಡೆವು. ಆ ಮಟ್ಟಿಗೆ ವಿಜ್ಞಾನೇಶ್ವರನ ಷರತ್ತು ನನಗೆ ಇವತ್ತಿಗೂ ಬೇಕೆನಿಸುತ್ತದೆ. ಕೋರ್ಟಿಗಲ್ಲ, ಮೈಕು ಕೈಗೆ ಬಂದಾಗ.

ಮಧ್ಯದ ಹೆಣ್ಣುಮಗಳ ಕಥೆ ಇನ್ನೂ ಬಿಗಿ. ಅವಳಿಗೆ ಮದುವೆಯಾದದ್ದು ಎಂಬತ್ತರ ದಶಕದ ಕೊನೆಗೆ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ಕ್ಕೆ, ಅದೂ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟು. 2005ರ ಕೇಂದ್ರ ತಿದ್ದುಪಡಿ ಆ ಅಡ್ಡಿ ತೆಗೆಯಿತು. ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು, ತಿದ್ದುಪಡಿ ಜಾರಿಗೆ ಬಂದ ದಿನ ಅಪ್ಪ ಬದುಕಿರಬೇಕೆಂದೇನಿಲ್ಲ ಎಂದು ಸುಪ್ರೀಂ ಕೋರ್ಟು ಸ್ಪಷ್ಟಪಡಿಸುವಾಗ 2020 ಆಗಿತ್ತು. ಅಷ್ಟು ಹೊತ್ತಿಗೆ ಅವಳ ತಲೆಗೂದಲು ಬೆಳ್ಳಗಾಗಿತ್ತು. ಹಕ್ಕು ಬಂದ ಮೇಲೆ ಏನಾಗುತ್ತದೆಂಬುದನ್ನು ಯಾವ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಾದರೂ ನೋಡಬಹುದು. ಅಕ್ಕತಂಗಿಯರು ಬೆಂಚಿನ ಮೇಲೆ ಕೂತಿರುತ್ತಾರೆ, ಕರೆದಾಗ ಎದ್ದು ಕ್ಯಾಮೆರಾಕ್ಕೆ ಮುಖ ಕೊಟ್ಟು, ಹೆಬ್ಬೆಟ್ಟು ಒತ್ತಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾರೆ. ಅರಿಶಿನ ಕುಂಕುಮಕ್ಕೆಂದು ಒಂದು ಮೊತ್ತ, ಒಂದು ಸೀರೆ, ಎಲ್ಲರಿಗೂ ಹೋಟೆಲಿನಲ್ಲಿ ಊಟ. ಯಾಕಮ್ಮಾ ಅಂದರೆ “ನಾಳೆ ತವರಿಗೆ ಹೋಗೋದು ಬೇಡ್ವಾ?” ಎನ್ನುತ್ತಾರೆ. ಆ ಮಧ್ಯದ ಹೆಣ್ಣುಮಗಳು ಗಂಡನ ಊರಲ್ಲಿ ಅಂಗನವಾಡಿ ಕಾರ್ಯಕರ್ತೆಯಾದಳು. ಆ ಕೆಲಸಕ್ಕೆ ಅರ್ಹತೆಯಾಗಿ ಒದಗಿದ್ದು ಅದೇ ಎಸ್ಸೆಸ್ಸೆಲ್ಸಿ. ಸರ್ಕಾರ ಕೊಟ್ಟದ್ದು ಸಂಬಳವಲ್ಲ, ಗೌರವಧನ. ಅಂಗನವಾಡಿಯವರಿಗೂ ಗ್ರಾಚ್ಯುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 2022ರಲ್ಲಿ. ಗುರುವಂದನೆಯ ಮೈಕಿನಲ್ಲಿ ಅವಳು ಇದ್ಯಾವುದನ್ನೂ ಹೇಳುವುದಿಲ್ಲ. ಗಂಡನ ಕೆಲಸ ಹೇಳುತ್ತಾಳೆ.

ಹೊರಟವನು ಗೆದ್ದ, ಉಳಿದವನು ಸೋತ ಎಂದು ನಾನು ಸಾಧಿಸಲು ಹೊರಟಿದ್ದೇನೆಂದು ಯಾರೂ ತಿಳಿಯಬಾರದು. ದೇವನಹಳ್ಳಿ ಕಡೆ ಲೆಕ್ಕ ತಿರುವುಮುರುವಾಗಿದೆ. 2008ರಲ್ಲಿ ವಿಮಾನ ನಿಲ್ದಾಣ ಶುರುವಾಯಿತು, ಆಮೇಲೆ ಊರಲ್ಲೇ ಉಳಿದ ಅಣ್ಣನ ಒಂದು ಎಕರೆಯ ಮುಂದೆ ತಮ್ಮನ ಪ್ರಾವಿಡೆಂಟ್ ಫಂಡು ಏನೇನೂ ಅಲ್ಲ. ಅಲ್ಲಿ ‘ಊರಲ್ಲೇ ಇದೀನಿ’ ಎನ್ನುವವರು ಎದೆ ಸೆಟೆಸಿಯೇ ಹೇಳುತ್ತಾರೆ. ಹೊರಟವರದ್ದೂ ಹಾಗೆಯೇ, ಇಸವಿಯ ಮೇಲೆ ಹೋಯಿತು. ಎಂಬತ್ತರ ದಶಕದಲ್ಲಿ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆ ಸೇರಿದವನನ್ನು ಕಂಡು ಇಡೀ ಕ್ಲಾಸು ಕರುಬಿತು. 2016ರಲ್ಲಿ ಕೇಂದ್ರ ಸರ್ಕಾರ ಅದನ್ನು ಮುಚ್ಚಲು ತೀರ್ಮಾನಿಸಿತು. ಅಷ್ಟೇ ಅಂಕದವನು ಕೆಲಸ ಸಿಗದೆ ಕಂಪ್ಯೂಟರ್ ಕಲಿತು ಬಚಾವಾದ. ಇಬ್ಬರ ಬುದ್ಧಿಯೂ ಒಂದೇ ಮಟ್ಟದ್ದು, ಇಬ್ಬರೂ ನಿದ್ದೆಗೆಟ್ಟೇ ಓದಿದವರು.

ಹಾಗಾದರೆ ಎಲ್ಲವೂ ಹಣೆಬರಹವೇ, ದುಡಿಮೆಗೆ ಬೆಲೆಯೇ ಇಲ್ಲವೇ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೇ. ಆದರೆ ನಾನು ದುಡಿಮೆಯನ್ನು ಕಡಿಮೆ ಮಾಡುತ್ತಿಲ್ಲ, ಇನ್ನಷ್ಟು ಜನರ ದುಡಿಮೆಯನ್ನು ಲೆಕ್ಕಕ್ಕೆ ಸೇರಿಸಿ ಎನ್ನುತ್ತಿದ್ದೇನೆ. ಒಣಗಿದ ಬೋರ್‌ವೆಲ್ಲಿನ ಪಕ್ಕದಲ್ಲೇ ಮತ್ತೊಂದು ಕೊರೆಸಿದ ಅಣ್ಣ, ಆಫೀಸಿನಲ್ಲಿ ಹತ್ತು ವರ್ಷಕ್ಕೊಮ್ಮೆ ಬಡ್ತಿ ಪಡೆದ ತಮ್ಮನಿಗಿಂತ ಕಡಿಮೆ ಹಟಗಾರನೇನಲ್ಲ. ಒಬ್ಬನ ಹಟ ಸೇವಾ ಪುಸ್ತಕದಲ್ಲಿ ದಾಖಲಾಯಿತು, ಇನ್ನೊಬ್ಬನದು ಸೊಸೈಟಿಯ ಸಾಲದ ಬಾಕಿಯಲ್ಲಿ.

ಆ ಮನೆಯ ವಿಭಾಗ ಇನ್ನೂ ಆಗಿಲ್ಲ. ನಿವೃತ್ತನಾದ ತಮ್ಮ ಊರಲ್ಲೊಂದು ಮನೆ ಕಟ್ಟಬೇಕು, ತನ್ನ ಪಾಲು ಬಿಡಿಸಿಕೊಡಿ ಎನ್ನುತ್ತಿದ್ದಾನೆ. ಕಾನೂನು ಪೂರ್ತಿ ಅವನ ಕಡೆಗಿದೆ. ಮಧ್ಯದವಳ ಸಹಿ ಹೇಗಾದರೂ ಸಿಗುತ್ತದೆಂದು ಅಣ್ಣತಮ್ಮ ಇಬ್ಬರೂ ನಂಬಿದ್ದಾರೆ; ಆ ನಂಬಿಕೆಯ ಬಗ್ಗೆ ಯಾರಿಗೂ ಸಂಕೋಚವಿಲ್ಲ. ಹಕ್ಕು ಬಿಡುಗಡೆ ಪತ್ರಕ್ಕೆ ಅಕ್ಕತಂಗಿಯರೇ ಸಹಿ ಹಾಕಬೇಕೆಂದು ಯಾವ ಕಾಯ್ದೆಯಲ್ಲೂ ಬರೆದಿಲ್ಲ. ಪೆನ್ಷನ್ ಬರುವ ತಮ್ಮನೂ ಅದೇ ಬೆಂಚಿನ ಮೇಲೆ ಕೂತು, ಅದೇ ಕ್ಯಾಮೆರಾಕ್ಕೆ ಮುಖ ಕೊಟ್ಟು, ಅಣ್ಣನ ಹೆಸರಿಗೋ ಅಕ್ಕನ ಹೆಸರಿಗೋ ಬಿಟ್ಟುಕೊಡಬಹುದು. ಹಾಗೆ ಮಾಡಿದವರನ್ನು ಕಂಡಿದ್ದೇನೆ. ಹೆಚ್ಚು ಮಂದಿಯಲ್ಲ.