ಬುತ್ತಿಯವರಿಗೂ ತಂಗಲು ತಾವು ಬೇಡವೆ?

ಪ್ರವಾಸದಿಂದ ಜ್ಞಾನ ಬೆಳೆಯುತ್ತದೆಂದು ಕಾಲೇಜಿನ ಸಂಚಿಕೆಗಳಲ್ಲಿ ಅನೇಕರು ಬರೆದಿದ್ದಾರೆ. ಆ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪ್ರವಾಸ ಹೊರಟವರು ರಾತ್ರಿ ಎಲ್ಲಿ ತಂಗಬೇಕೆಂಬ ಪ್ರಶ್ನೆಯನ್ನು ಎತ್ತಿದವರು ವಿರಳ. ಕೈಯಲ್ಲಿ ಹಣವಿದ್ದವರಿಗೆ ಇದೊಂದು ಪ್ರಶ್ನೆಯೇ ಅಲ್ಲ. ನಮ್ಮಂಥ ಮನೆತನಗಳಿಗೆ ಮಾತ್ರ ಪ್ರವಾಸದ ಸುಖದುಃಖವೆಲ್ಲ ಇದರ ಮೇಲೆಯೇ ನಿಂತಿರುತ್ತದೆ. ಇದು ನಾನು ಕಂಡುಂಡ ಮಾತು.

ನಮ್ಮದು ಧಾರವಾಡ ತಾಲೂಕಿನ ಒಂದು ಹಳ್ಳಿಯ ಒಕ್ಕಲುತನದ ಮನೆ. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಮ್ಮ ಮನೆತನಕ್ಕೆಲ್ಲ ನಾನೇ ಮೊದಲಿಗಳು. ನನ್ನ ಅಜ್ಜಿಗೆ, ನಾವು ಆಯಿ ಎಂದು ಕರೆಯುತ್ತೇವೆ, ಕಣ್ಣು ಮುಚ್ಚುವುದರೊಳಗಾಗಿ ಒಮ್ಮೆ ಸಮುದ್ರ ನೋಡಬೇಕೆಂಬ ಆಸೆ. ಕಳೆದ ಡಿಸೆಂಬರ ತಿಂಗಳಲ್ಲಿ ಹಿಂಗಾರಿಯ ಎಡೆ ಹೊಡೆದು ಮುಗಿದ ಮೇಲೆ ಅಪ್ಪ ಒಂದು ಕ್ರೂಸರ್ ಗಾಡಿಯನ್ನು ಬಾಡಿಗೆಗೆ ಹಿಡಿದರು. ಆಯಿ, ಅಪ್ಪ, ಅವ್ವ, ಕಾಕಾ, ಚಿಗವ್ವ, ಮಕ್ಕಳು ಎಲ್ಲ ಸೇರಿ ಹನ್ನೊಂದು ಜನ. ಕಟಿರೊಟ್ಟಿಯ ಗಂಟು, ಶೇಂಗಾ ಚಟ್ನಿ, ಮಾದ್ಲಿ, ಉಳ್ಳಾಗಡ್ಡಿ, ಒಂದು ಸಣ್ಣ ಒಲೆ, ಎರಡು ಬೋಗುಣಿ, ಹಾಸಲು ಜಮಖಾನೆ. ಒಂದು ರಾತ್ರಿ ಕಡಲ ದಂಡೆಯಲ್ಲಿ ಕಳೆದು, ಮುಂಜಾನೆ ಗೋಕರ್ಣ, ಅಲ್ಲಿಂದ ಧರ್ಮಸ್ಥಳ ಎಂದು ನಮ್ಮ ಯೋಜನೆ.

ಕಲಘಟಗಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು, ಅಂಕೋಲೆಯ ಹತ್ತಿರ ಒಂದು ದಂಡೆಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಆಯಿ ಸೀರೆಯ ನಿರಿಗೆ ಎತ್ತಿ ಹಿಡಿದು ನೀರಿನಲ್ಲಿ ನಿಂತಳು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಯವ್ವಾ, ಇದಕ ಆಚೀ ದಂಡಿನ ಇಲ್ಲಲ್ಲ” ಎಂದಳು. ಅಷ್ಟರಲ್ಲಿ ಅವ್ವ ಗಾಳಿಮರದ ಕೆಳಗೆ ಜಮಖಾನೆ ಹಾಸಿ ಒಲೆ ಹೊತ್ತಿಸಿದ್ದಳು.

ಆಗ ಹತ್ತಿರದ ಒಂದು ವಸತಿಗೃಹದ ಕಾವಲುಗಾರನು ಬಂದು, ಇಲ್ಲಿ ಅಡಿಗೆ ಮಾಡಕೂಡದು, ನಮ್ಮ ಗಿರಾಕಿಗಳಿಗೆ ಚೆನ್ನಾಗಿ ಕಾಣುವುದಿಲ್ಲ, ಏಳಿರಿ ಎಂದನು. ದಂಡೆಯು ಅವನ ಮಾಲಕರದಲ್ಲವೆಂಬುದು ನನಗೆ ಗೊತ್ತಿತ್ತು. ಮೂರು ವರ್ಷ ರಾಜ್ಯಶಾಸ್ತ್ರ ಓದಿದವಳು ನಾನು. ಆದರೆ ನಾನು ಒಂದು ಮಾತನ್ನೂ ಆಡಲಿಲ್ಲ. ಆ ಕಟ್ಟಡದ ಪಡಸಾಲೆಯಲ್ಲಿ ನನ್ನದೇ ವಯಸ್ಸಿನ ತರುಣ ತರುಣಿಯರು ಕುಳಿತು ನಮ್ಮ ಕಡೆಗೆ ನೋಡುತ್ತಿದ್ದರು. ನಾನು ಮೊಬೈಲು ಕೈಯಲ್ಲಿ ಹಿಡಿದು, ಈ ರೊಟ್ಟಿಯ ಗಂಟಿನವರಿಗೂ ನನಗೂ ಸಂಬಂಧವೇ ಇಲ್ಲದವಳಂತೆ, ನಲವತ್ತು ಹೆಜ್ಜೆ ದೂರ ಹೋಗಿ ನಿಂತುಬಿಟ್ಟೆ. ಅಪ್ಪ ಸುಮ್ಮನೆ ಜಮಖಾನೆ ಮಡಚಿದರು. ಆ ನಲವತ್ತು ಹೆಜ್ಜೆಗಳೇ ಈ ಲೇಖನಕ್ಕೆ ಕಾರಣ.

ಮುಂದಿನದು ಇನ್ನೂ ಕಷ್ಟದ್ದು. ಗಂಡಸರು ಎಲ್ಲಿಯಾದರೂ ಸರಿಯುತ್ತಾರೆ. ಹೆಣ್ಣುಮಕ್ಕಳು ಕತ್ತಲೆಯಾಗುವುದನ್ನೇ ಕಾಯಬೇಕಾಯಿತು. ಕೊನೆಗೆ ಬಲೆ ಒಣಹಾಕುತ್ತಿದ್ದ ಮೀನುಗಾರರ ಮನೆಯ ಹೆಣ್ಣುಮಗಳೊಬ್ಬಳು ನಮ್ಮನ್ನು ತನ್ನ ಮನೆಗೆ ಕರೆದುಕೊಂಡು ಹೋಗಿ, ಕೊಡ ನೀರು ಕೊಟ್ಟು, ಅಂಗಳದಲ್ಲಿ ಮಲಗಲು ಹೇಳಿದಳು. ಹಣ ಕೊಡಹೋದರೆ ಮುಟ್ಟಲಿಲ್ಲ. ಆಕೆಯ ಉಪಕಾರ ದೊಡ್ಡದು. ಆದರೆ ಪರಸ್ಥಳದವರ ಮಾನವೆಲ್ಲ ಒಬ್ಬ ಬಡವಿಯ ಔದಾರ್ಯದ ಮೇಲೆಯೇ ನಿಲ್ಲಬೇಕೆ?

ಘಟ್ಟ ಇಳಿದು ಕಡಲಿಗೆ ಹೋಗುವುದು ನಮ್ಮ ಸೀಮೆಗೆ ಹೊಸದಲ್ಲ. ೧೮೬೧ರಿಂದ ೧೮೬೫ರ ವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದು, ಇಂಗ್ಲಂಡದ ಗಿರಣಿಗಳಿಗೆ ಅಲ್ಲಿಯ ಹತ್ತಿ ಬಾರದಾದಾಗ ಧಾರವಾಡದ ಹತ್ತಿಗೆ ಬೆಲೆ ಏರಿತು. ಹತ್ತಿಯ ಗಾಡಿಗಳು ಸಾಲುಗಟ್ಟಿ ಘಟ್ಟ ಇಳಿಯುತ್ತಿದ್ದವು. ನಮ್ಮ ಎರೆಹೊಲದಲ್ಲಿ ಬೆಳೆದ ಹತ್ತಿ ಕುಮಟೆಯ ಬಂದರದಿಂದ ಹಡಗು ಹತ್ತುತ್ತಿದ್ದುದರಿಂದ ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು ಬಿತ್ತು. ನೀರು ನೆರಳು ಕಂಡಲ್ಲಿ ಎತ್ತುಗಳ ಕೊಳ್ಳು ಹರಿದು, ಮೂರು ಕಲ್ಲು ಹೂಡಿ ಅಡಿಗೆ ಮಾಡಿ, ಗಾಡಿಯ ಕೆಳಗೆ ಮಲಗುವುದು ಗಾಡಿಯವರ ರೂಢಿ. ಇಂದಿಗೂ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಸಾವಿರಾರು ಮನೆತನಗಳು ಬಯಲಿನಲ್ಲಿಯೇ ಅಡಿಗೆ ಮಾಡಿ ಉಣ್ಣುತ್ತವೆ. ಗುಡ್ಡದಲ್ಲಿ ಮಾನವಾದದ್ದು ಕಡಲ ದಂಡೆಯಲ್ಲಿ ಅವಮಾನವಾಗುವುದು ಹೇಗೆ?

ಹಾದಿಯ ಬದಿಗೆ ಆಲದ ಗಿಡ ನೆಡಿಸಿ, ಬಾವಿ ತೋಡಿಸಿ, ತಂಗುವ ಮನೆ ಕಟ್ಟಿಸಿದೆನೆಂದು ಅಶೋಕ ಚಕ್ರವರ್ತಿಯು ತನ್ನ ಸ್ತಂಭಶಾಸನದಲ್ಲಿ ಹೇಳಿಕೊಂಡಿದ್ದಾನೆ. ಅರವಟ್ಟಿಗೆ, ಛತ್ರ, ಧರ್ಮಶಾಲೆ ಎಂಬ ಶಬ್ದಗಳು ನಮ್ಮ ನುಡಿಯಲ್ಲಿ ಸುಮ್ಮನೆ ಹುಟ್ಟಿದವಲ್ಲ. ದೂರದ ಆಸ್ಟ್ರೇಲಿಯಾ ದೇಶವನ್ನು ನೋಡಿರಿ. ಅಲ್ಲಿಯ ಈಶಾನ್ಯ ಭಾಗದ ಕ್ವೀನ್ಸ್‌ಲ್ಯಾಂಡ್ ಪ್ರಾಂತದ ಉಷ್ಣವಲಯದ ಕರಾವಳಿಯಲ್ಲಿ ಜನರು ಮೋಟಾರಿನ ಹಿಂದೆ ‘ಕ್ಯಾರವಾನ್’ ಎಂಬ ಗಾಲಿಮನೆಯನ್ನು ಕಟ್ಟಿಕೊಂಡು ಹೆಂಡತಿ ಮಕ್ಕಳೊಡನೆ ತಿರುಗುತ್ತಾರೆ. ಅವರು ರಾತ್ರಿ ನಿಲ್ಲಲು ಬೇರೆ ಬಯಲುಗಳೇ ಇವೆ. ಕೆಲವನ್ನು ಊರಿನ ಸ್ಥಳೀಯ ಸಂಸ್ಥೆಗಳೇ ನಡೆಸುತ್ತವೆ. ನೀರು, ಶೌಚಗೃಹ, ಸ್ನಾನಗೃಹ, ಎಲ್ಲರೂ ಬಳಸುವ ಅಡಿಗೆಮನೆ ಅಲ್ಲಿರುತ್ತವೆ. ಮೊಸಳೆಯ ಅಂಜಿಕೆಯಿದ್ದ ದಂಡೆಯಲ್ಲಿ ಎಚ್ಚರಿಕೆಯ ಹಲಗೆಯೂ ಇರುತ್ತದೆ. ಬಯಲಿನಲ್ಲಿ ಅಡಿಗೆ ಮಾಡಿ ಉಂಡವರನ್ನು ಅಲ್ಲಿ ಯಾರೂ ಹೀನರೆಂದು ಎಣಿಸುವುದಿಲ್ಲ. ಈಗ ನಮ್ಮ ದೇಶದಲ್ಲಿಯೂ ಕ್ಯಾರವಾನ್ ಪ್ರವಾಸದ ಮಾತು ಕೇಳಿಬರುತ್ತಿದೆ. ಹಾಸಿಗೆ, ಅಡಿಗೆಮನೆಗಳುಳ್ಳ ಗಾಡಿಯಲ್ಲಿ ಬಂದು ದಂಡೆಯಲ್ಲಿ ಬೇಯಿಸಿಕೊಂಡರೆ ಅದು ವಿಹಾರ. ಕ್ರೂಸರಿನಲ್ಲಿ ಬಂದು ಝುಣಕ ತಿರುವಿದರೆ ಮಾತ್ರ ಹೊಲಸು! ಇದು ಯಾವ ನ್ಯಾಯ?

ಇದಕ್ಕೆ ಎದುರುತ್ತರವಿದೆಯೆಂಬುದನ್ನು ನಾನು ಬಲ್ಲೆ. ಬುತ್ತಿಯವರು ದಂಡೆಯನ್ನು ಕೆಡಿಸುತ್ತಾರೆ, ಪ್ಲಾಸ್ಟಿಕ್ ಚೀಲ ಎಸೆಯುತ್ತಾರೆ, ಮೀನುಗಾರರ ಕೆಲಸಕ್ಕೆ ಅಡ್ಡಿಯಾಗುತ್ತಾರೆ ಎನ್ನುವವರುಂಟು. ಇದು ಪೂರ್ತಿ ಸುಳ್ಳಲ್ಲ. ದಂಡೆಯೆಂದರೆ ಮೀನುಗಾರನಿಗೆ ಹೊಲವಿದ್ದಂತೆ. ನಮ್ಮ ಹೊಲದಲ್ಲಿ ಯಾರಾದರೂ ಎಂಜಲೆಲೆ ಬಿಸುಟರೆ ನಾವು ಸುಮ್ಮನಿರುವೆವೆ? ಆದರೆ ಕಸದ ಕುಂಡಿಯನ್ನೇ ಇಡದೆ ಕಸ ಚೆಲ್ಲಿದರೆಂದು ಬೈಯುವುದು, ಶೌಚಗೃಹ ಕಟ್ಟದೆ ಹೊಲಸು ಮಾಡಿದರೆಂದು ಮೂಗು ಮುಚ್ಚುವುದು ಸರಿಯಲ್ಲ. ಗೊತ್ತುಮಾಡಿದ ಸ್ಥಳವಿದ್ದರೆ ಅಲ್ಲಿ ಶಿಸ್ತನ್ನು ಕೇಳಬಹುದು. ಸ್ಥಳವೇ ಇಲ್ಲದಲ್ಲಿ ಶಿಸ್ತನ್ನು ಹೇಗೆ ಕೇಳುವುದು?

ಎಲ್ಲಿ ನಿಲ್ಲಬೇಕೆಂಬುದು ಬರಿಯ ಸೋಯಿಯ ಮಾತೂ ಅಲ್ಲ. ೨೦೨೪ರ ಜುಲೈ ೧೬ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿಯ ಬದಿಯ ಚಹದಂಗಡಿಯನ್ನೂ ವಾಹನಗಳನ್ನೂ ಕೊಚ್ಚಿಕೊಂಡು ಗಂಗಾವಳಿ ಹೊಳೆಗೆ ಹೋಯಿತು, ಜೀವಗಳು ಹೋದವು. ದಾರಿಹೋಕನು ಚಹಕ್ಕೆಂದು ಎಲ್ಲಿಯೋ ನಿಲ್ಲಲೇ ಬೇಕು. ನಿಲ್ಲತಕ್ಕ ಸುರಕ್ಷಿತ ತಾವನ್ನು ಗೊತ್ತುಮಾಡುವುದು ರಸ್ತೆ ಕಟ್ಟಿದವರ ಕರ್ತವ್ಯವೇ ಆಗಿದೆ.

ನಾನು ಅರಮನೆಯನ್ನು ಬೇಡುವುದಿಲ್ಲ. ಜನ ಹೋಗಿ ಬರುವ ದಂಡೆಗಳಲ್ಲಿ ಒಂದೊಂದು ತಗಡಿನ ಮಾಡು, ನೀರಿನ ನಳ, ದೀಪವಿರುವ ಹೆಣ್ಣುಮಕ್ಕಳ ಶೌಚಗೃಹ, ಒಲೆ ಹೂಡಲು ಕಲ್ಲಿನ ಕಟ್ಟೆ, ಕಡಲಿನ ಅಪಾಯ ತಿಳಿಸುವ ಹಲಗೆ, ಇಷ್ಟು ಸಾಕು. ಅದರ ಉಸ್ತುವಾರಿ ಆ ಊರಿನ ಹೆಣ್ಣುಮಕ್ಕಳ ಸಂಘಕ್ಕಿರಲಿ. ತಲೆಗಿಷ್ಟೆಂದು ಹಣ ತೆಗೆದುಕೊಳ್ಳಲಿ. ನಮ್ಮ ಜನ ಸಂತೋಷದಿಂದ ಕೊಡುತ್ತಾರೆ.

ಆದರೆ ಇದನ್ನು ಕೇಳುವವರು ಯಾರು? ಆಯಿಗೆ ಅರ್ಜಿ ಬರೆಯಲು ಬಾರದು. ಅರ್ಜಿ ಬರೆಯಲು ಕಲಿತ ನಾವು ನಲವತ್ತು ಹೆಜ್ಜೆ ದೂರ ಹೋಗಿ ನಿಂತಿದ್ದೇವೆ. ನಾಳೆ ನೌಕರಿ ಸಿಕ್ಕರೆ ಪಡಸಾಲೆಯಲ್ಲಿ ಕುಳಿತು ನೋಡುವವರೂ ನಾವೇ ಆಗಬಹುದು. ಮಿತ್ರರೇ, ನಮ್ಮ ತಾಯಿತಂದೆಗಳು ನಮ್ಮನ್ನು ಓದಿಸಿದ್ದು ಅದಕ್ಕಾಗಿಯೇ?

ಮರುದಿನ ಗಂಗಾವಳಿಯ ಸೇತುವೆ ದಾಟುವಾಗ ನಾನು ಆಯಿಗೆ, ನಮ್ಮ ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಕೂಡಿ, ಗಂಗಾವಳಿಯೆಂಬ ಹೆಸರಿನಿಂದ ಇಲ್ಲಿಯೇ ಕಡಲನ್ನು ಸೇರುತ್ತಾಳೆಂದು ಹೇಳಿದೆ. ಆಯಿ ಕಿಡಕಿಯಿಂದ ನೀರನ್ನು ನೋಡಿ ಕೈಮುಗಿದಳು. “ನಮ್ಮೂರ ನೀರ ಇಲ್ಲೀತನಾ ಬಂದೈತಿ. ನಾವು ಬಂದ್ರ ಯಾಕ ಎಬ್ಬಸತಾರ ಯವ್ವಾ?” ಎಂದಳು. ನಾನು ಉತ್ತರ ಕೊಡಲಿಲ್ಲ. ಈ ಲೇಖನವನ್ನು ಅಚ್ಚಾದ ಮೇಲೆ ಆಕೆಯ ಮುಂದೆ ಓದುತ್ತೇನೆ.