ಸೀಟು ಸಿಕ್ಕರಷ್ಟೇ ಸಾಕೇ? ಗುಜರಾತ್‌ನ ಮೂರು ವಿವಿಗಳ ಮುಂದಿರುವ ವಿಕಲಚೇತನರ ಪ್ರಶ್ನೆ

ಅಹಮದಾಬಾದ್‌ನ ಗುಜರಾತ್ ವಿಶ್ವವಿದ್ಯಾಲಯ, ವಡೋದರಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ ಹಾಗೂ ಸೂರತ್‌ನ ವೀರ ನರ್ಮದ್ ದಕ್ಷಿಣ ಗುಜರಾತ್ ವಿಶ್ವವಿದ್ಯಾಲಯ ಈಗ ಒಂದೇ ಕಾಯ್ದೆಯ ವ್ಯಾಪ್ತಿಯಲ್ಲಿವೆ. 2023ರ ಗುಜರಾತ್ ಸಾರ್ವಜನಿಕ ವಿಶ್ವವಿದ್ಯಾಲಯಗಳ ಕಾಯ್ದೆ ಜಾರಿಯಾದ ಬಳಿಕ, 2024ರಿಂದ ಪ್ರವೇಶಕ್ಕೂ ಒಂದೇ ಪೋರ್ಟಲ್ ಬಂದಿದೆ. ಆಡಳಿತ ಹೀಗೆ ಒಂದೇ ಸೂರಿನಡಿ ಬಂದಿರುವಾಗ, ವಿಕಲಚೇತನ ವಿದ್ಯಾರ್ಥಿಗಳು ಮತ್ತು ಸಿಬ್ಬಂದಿಗೆ ಬೇಕಾದ ಸೌಲಭ್ಯವನ್ನು ಆಯಾ ವಿಭಾಗದ ಮುಖ್ಯಸ್ಥರ ಒಳ್ಳೆಯ ಮನಸ್ಸಿಗೆ ಬಿಡುವುದು ಸರಿಯೇ ಎಂಬುದು ಪ್ರಶ್ನೆ.

ಕಾನೂನು ಏನು ಹೇಳುತ್ತದೆ?

2017ರ ಏಪ್ರಿಲ್ 19ರಂದು ಜಾರಿಗೆ ಬಂದ ವಿಕಲಚೇತನರ ಹಕ್ಕುಗಳ ಕಾಯ್ದೆ-2016, 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5ರಷ್ಟು ಸೀಟು, ಪ್ರವೇಶದ ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆ ಮತ್ತು ಸರ್ಕಾರಿ ಹುದ್ದೆಗಳಲ್ಲಿ ಶೇ 4 ಮೀಸಲಾತಿ ಕಡ್ಡಾಯ. ಯಾವ ಕೋರ್ಸಿಗೆ ಎಷ್ಟು ವಿಕಲಚೇತನರನ್ನು ಸೇರಿಸಿಕೊಳ್ಳಲಾಗಿದೆ ಎಂಬ ಪಟ್ಟಿಯನ್ನು ಪ್ರತಿ ವರ್ಷ ಆಯುಕ್ತರಿಗೆ ಸಲ್ಲಿಸಬೇಕು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ಆದೇಶಿಸಿತ್ತು.

ಆದರೆ ಅಂಕಿಅಂಶಗಳು ಬೇರೆಯದೇ ಕಥೆ ಹೇಳುತ್ತವೆ. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆ ಪ್ರಕಾರ ದೇಶದ 4.33 ಕೋಟಿ ವಿದ್ಯಾರ್ಥಿಗಳಲ್ಲಿ ವಿಕಲಚೇತನರು ಸುಮಾರು 89 ಸಾವಿರ. ಅಂದರೆ 500 ಮಂದಿಗೆ ಒಬ್ಬರು. 2011ರ ಜನಗಣತಿಯಲ್ಲಿ ಇದ್ದವರು 45 ಮಂದಿಗೆ ಒಬ್ಬರು. ವಯಸ್ಸಾದಂತೆ ವೈಕಲ್ಯ ಹೆಚ್ಚುವುದರಿಂದ ಈ ಎರಡನ್ನೂ ನೇರವಾಗಿ ಹೋಲಿಸಲಾಗದು, ನಿಜ. ಆದರೂ ಈ ಅಂತರ ಸಣ್ಣದಲ್ಲ.

ಒಳಗೆ ಬರಲು ಎಂಥ ಹೋರಾಟ ಬೇಕಾಗುತ್ತದೆ ಎಂಬುದಕ್ಕೆ ಭಾವನಗರ ಜಿಲ್ಲೆಯ ಗಣೇಶ್ ಬರೈಯಾ ಉದಾಹರಣೆ. ಸುಮಾರು 3 ಅಡಿ ಎತ್ತರದ ಅವರಿಗೆ 2018ರಲ್ಲಿ ಎಂಬಿಬಿಎಸ್ ಪ್ರವೇಶ ನಿರಾಕರಿಸಲಾಯಿತು. ಹೈಕೋರ್ಟ್‌ನಲ್ಲಿ ಸೋತ ಅವರು ಸುಪ್ರೀಂ ಕೋರ್ಟ್‌ನಲ್ಲಿ ಗೆದ್ದು, ಭಾವನಗರದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಓದಿ ವೈದ್ಯರಾದರು. ಎಲ್ಲ ವಿದ್ಯಾರ್ಥಿಗಳೂ ದೆಹಲಿವರೆಗೆ ಹೋಗಲು ಸಾಧ್ಯವಿಲ್ಲ.

ಪ್ರವೇಶದ ನಂತರ ಏನು?

ಸೀಟು ಮೊದಲ ಹೆಜ್ಜೆ ಮಾತ್ರ. ವಡೋದರಾದ ಕಲಾ ವಿಭಾಗದ ಗುಮ್ಮಟದ ಕಟ್ಟಡ 19ನೇ ಶತಮಾನದ್ದು. 1881ರಲ್ಲಿ ಆರಂಭವಾದ ಬರೋಡಾ ಕಾಲೇಜಿನ ಪರಂಪರೆ ಅದರದ್ದು. ಇಂಥ ಪಾರಂಪರಿಕ ಕಟ್ಟಡಗಳಲ್ಲಿ ಎಲ್ಲೆಂದರಲ್ಲಿ ಲಿಫ್ಟ್ ಕೂರಿಸುವುದು ಸುಲಭವಲ್ಲ. ಆದರೆ ಗಾಲಿಕುರ್ಚಿ ಬಳಸುವ ವಿದ್ಯಾರ್ಥಿಯ ತರಗತಿಯನ್ನು ನೆಲಮಹಡಿಗೆ ಬದಲಿಸಲು ವೇಳಾಪಟ್ಟಿ ತಿದ್ದಿದರೆ ಸಾಕು, ಕಟ್ಟಡ ಒಡೆಯಬೇಕಿಲ್ಲ. ಮೈಸೂರು, ಧಾರವಾಡದ ಹಳೆಯ ಕಾಲೇಜು ಕಟ್ಟಡಗಳಿಗೂ ಈ ಮಾತು ಅನ್ವಯಿಸುತ್ತದೆ.

ಸೂರತ್ ವಿವಿಯ ಸವಾಲು ಬೇರೆ. ದಕ್ಷಿಣ ಗುಜರಾತ್‌ನ ಸಣ್ಣ ಊರುಗಳ ಕಾಲೇಜುಗಳೂ ಅದರ ಸಂಯೋಜನೆಯಲ್ಲಿವೆ. ಮುಖ್ಯ ಕ್ಯಾಂಪಸ್‌ನಲ್ಲಿ ರ‍್ಯಾಂಪ್ ಕಟ್ಟಿದರೆ ಅಲ್ಲಿನ ವಿದ್ಯಾರ್ಥಿಗೆ ಪ್ರಯೋಜನವಿಲ್ಲ.

ಓದುವ ಸಾಮಗ್ರಿಯದ್ದೂ ಸಮಸ್ಯೆಯೇ. ಪುಟಗಳ ಚಿತ್ರ ತೆಗೆದು ಮಾಡಿದ ಪಿಡಿಎಫ್‌ಗಳನ್ನು, ಯುನಿಕೋಡ್ ಅಲ್ಲದ ಹಳೆಯ ಫಾಂಟ್‌ನ ಗುಜರಾತಿ ಕಡತಗಳನ್ನು ಸ್ಕ್ರೀನ್ ರೀಡರ್ ಸರಿಯಾಗಿ ಓದಿ ಹೇಳಲಾರದು. ಹಳೆಯ ನುಡಿ, ಬರಹ ಫಾಂಟ್‌ಗಳ ಕನ್ನಡ ಕಡತಗಳ ಪಾಡೂ ಇದೇ. ಪರೀಕ್ಷೆಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದು ಕೇಂದ್ರದ 2018ರ ಮಾರ್ಗಸೂಚಿ ಹೇಳಿತ್ತು. ಶೇ 40ಕ್ಕಿಂತ ಕಡಿಮೆ ವೈಕಲ್ಯವಿದ್ದರೂ ಅಗತ್ಯವಿದ್ದರೆ ಬರೆಯುವ ಸಹಾಯಕರನ್ನು ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಸ್ಪಷ್ಟಪಡಿಸಿದೆ.

ಸಿಬ್ಬಂದಿ ಲೆಕ್ಕಕ್ಕಿಲ್ಲವೇ?

ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಮರೆತುಹೋಗುವುದು ಬೋಧಕರು ಮತ್ತು ಕಚೇರಿ ಸಿಬ್ಬಂದಿ. ಕಾಯಂ ಹುದ್ದೆಗಳನ್ನು ತುಂಬದೆ ತಾತ್ಕಾಲಿಕ ನೇಮಕಾತಿಯಲ್ಲೇ ಕಾಲ ತಳ್ಳುವ ಕಡೆ ಶೇ 4ರ ಮೀಸಲಾತಿ ಕಾಗದದಲ್ಲೇ ಉಳಿಯುತ್ತದೆ. ಸೇವೆಯಲ್ಲಿರುವಾಗ ವೈಕಲ್ಯಕ್ಕೆ ಒಳಗಾದ ಸರ್ಕಾರಿ ನೌಕರರನ್ನು ಕೆಲಸದಿಂದ ತೆಗೆಯುವಂತಿಲ್ಲ, ಹಿಂಬಡ್ತಿ ನೀಡುವಂತಿಲ್ಲ. ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕು, ಸರ್ಕಾರಿ ಸಂಸ್ಥೆಗಳು ಕುಂದುಕೊರತೆ ಅಧಿಕಾರಿಯನ್ನೂ ನೇಮಿಸಬೇಕು. ಪಾಠ ಮಾಡುವವರಲ್ಲೇ ವಿಕಲಚೇತನರಿದ್ದರೆ ವಿದ್ಯಾರ್ಥಿಯ ಕಷ್ಟವನ್ನು ಬಿಡಿಸಿ ಹೇಳಬೇಕಾದ ಅಗತ್ಯವೂ ಕಡಿಮೆಯಾಗುತ್ತದೆ.

ಕೊರತೆ ಎಲ್ಲಿದೆ?

ಪರಿಣತಿಗೆ ಗುಜರಾತ್‌ನಲ್ಲಿ ಬರವಿಲ್ಲ. ಅಹಮದಾಬಾದ್‌ನ ಬ್ಲೈಂಡ್ ಪೀಪಲ್ಸ್ ಅಸೋಸಿಯೇಷನ್‌ಗೆ ಏಳು ದಶಕಗಳ ಅನುಭವವಿದೆ. ಎಲ್ಲರೂ ಬಳಸಬಲ್ಲ ವಿನ್ಯಾಸಕ್ಕಾಗಿ ಭಾರತೀಯ ತತ್ವಗಳು 2011ರಲ್ಲಿ ರೂಪುಗೊಂಡದ್ದು ಇದೇ ನಗರದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ. ಯುಜಿಸಿ ಕೂಡ 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ.

ಕೊರತೆ ಇರುವುದು ಉತ್ತರದಾಯಿತ್ವದಲ್ಲಿ. ಸುಗಮ ಪ್ರವೇಶದ ನಿಯಮಗಳು ಬರೀ ಸಲಹೆಯ ರೂಪದಲ್ಲಿರುವುದು ಕಾಯ್ದೆಗೆ ವಿರುದ್ಧ ಎಂದ ಸುಪ್ರೀಂ ಕೋರ್ಟ್, ಕಡ್ಡಾಯ ಮಾನದಂಡ ರೂಪಿಸುವಂತೆ 2024ರ ನವೆಂಬರ್‌ನಲ್ಲಿ ಕೇಂದ್ರಕ್ಕೆ ಸೂಚಿಸಿತು. ಡಿಜಿಟಲ್ ಸೇವೆ ಪಡೆಯುವುದೂ ಬದುಕುವ ಹಕ್ಕಿನ ಭಾಗ ಎಂದು 2025ರ ಏಪ್ರಿಲ್‌ನಲ್ಲಿ ಹೇಳಿತು.

ಒಂದೇ ಪೋರ್ಟಲ್ ಇರುವ ಗುಜರಾತ್‌ಗೆ ಇದೊಂದು ಅವಕಾಶ. ಅರ್ಜಿ ತುಂಬುವಾಗಲೇ ವಿದ್ಯಾರ್ಥಿಗೆ ಏನು ಬೇಕು ಎಂದು ಒಮ್ಮೆ ಕೇಳಿ, ಆ ಮಾಹಿತಿಯನ್ನು ತರಗತಿ, ಗ್ರಂಥಾಲಯ, ಪರೀಕ್ಷಾ ವಿಭಾಗಕ್ಕೆ ತಲುಪಿಸಬಹುದು. ಎಷ್ಟು ಸೀಟು ತುಂಬಿದವು, ಎಷ್ಟು ಮಂದಿ ಓದು ನಿಲ್ಲಿಸಿದರು, ಎಷ್ಟು ಮೀಸಲು ಹುದ್ದೆಗಳು ಖಾಲಿ ಇವೆ ಎಂಬುದನ್ನು ವರ್ಷಕ್ಕೊಮ್ಮೆ ಬಹಿರಂಗಪಡಿಸಬಹುದು. ಸೇರಿದವರ ಲೆಕ್ಕದ ಜೊತೆಗೆ ಪದವಿ ಮುಗಿಸಿದವರ ಲೆಕ್ಕವೂ ಹೊರಬಂದಾಗ ಮಾತ್ರ ಶೇ 5ರ ಮೀಸಲಾತಿ ಯಾರಿಗೆ ಎಷ್ಟು ತಲುಪಿತು ಎಂದು ಹೇಳಲು ಸಾಧ್ಯ.