ಮಲೆನಾಡ ಗೋಡೆಗೆ ದೊಡ್ಡ ಫೋಟೊ
ಬಳ್ಳಿಗಾವಿಯ ಕೇದಾರೇಶ್ವರ, ತಾಳಗುಂದದ ಸ್ತಂಭಶಾಸನ, ಗುಡವಿಯ ಹಕ್ಕಿಗಳು ಶಿಕಾರಿಪುರ, ಸೊರಬದ ಶಾಲೆಗಳ ಗೋಡೆಯ ಮೇಲೆ ದೊಡ್ಡದಾಗಿ ಇರಲೇಬೇಕು. ಆದರೆ ಫ್ಲೆಕ್ಸ್ ಬೇಡವೇ ಬೇಡ. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ 2016ರಲ್ಲೇ ನಿಷೇಧಿಸಿದೆ. ಎಂಡಿಎಫ್ ಹಲಗೆ ಅಗ್ಗವೆನಿಸಿದರೂ ಜಡಿಮಳೆಯ ತೇವ ಹೀರಿ ಅಂಚಿನಲ್ಲಿ ಉಬ್ಬುತ್ತದೆ. ಗಾಜಿನ ಕಟ್ಟು ಹಾಕಿಸಿದರೆ ಒಳಗೆ ಥಂಡಿ ಸಿಕ್ಕಿ ಬೂಷ್ಟು ಹಿಡಿಯುತ್ತದೆ, ಫೋಟೊ ಗಾಜಿಗೇ ಅಂಟಿಕೊಂಡು ಹಾಳಾಗುತ್ತದೆ. ಅಷ್ಟು ದೊಡ್ಡ ಗಾಜಿನ ಭಾರ ಬೇರೆ. ಕೋಣೆಯೊಳಗೆ 5 ಮಿ.ಮೀ. ಸನ್‌ಬೋರ್ಡ್ (ಪಿವಿಸಿ ಫೋಮ್ ಹಲಗೆ) ಸಾಕು: ಹಗುರ, ನೀರು ಕುಡಿಯದು, ಬಿಸಿಲಿಗೆ ಮಾತ್ರ ಬಾಗುತ್ತದೆ. ಜಗುಲಿಗಾದರೆ 3 ಮಿ.ಮೀ. ಎಸಿಪಿ (ಅಲ್ಯೂಮಿನಿಯಂ ಕಾಂಪೋಸಿಟ್) ಶೀಟೇ ಸರಿ. ಅಂಗಡಿ ಬೋರ್ಡು ಮಾಡುವವರ ಬಳಿ ಉಳಿದ ತುಂಡುಗಳಿದ್ದರೆ ಕೇಳಿ ನೋಡಿ, ಖರ್ಚು ಇಳಿಯುತ್ತದೆ. ಮೇಲೆ ಮ್ಯಾಟ್ ಲ್ಯಾಮಿನೇಶನ್ ಹಾಕಿಸಿ, ಗಾಳಿಯಾಡಲು ಗೋಡೆಯಿಂದ ಬೆರಳಷ್ಟು ಸಂದು ಬಿಡಿ.